ಗೋಡೆಯ ಹಿಂದೆ ಸತ್ತವನ ದೂರು

"ಲೇ, ನಾನು ಗೋಡೆ ಹಿಂದೆ ಹೋಗಿ ಆಗಿತ್ತು ಕಣೋ! ಆಮೇಲೆ ಹೆಂಗೆ ಸತ್ತೆ?"

ಗೇಮ್ ಮುಗಿದ ಕೂಡಲೇ ಫೋನ್ ಮಾಡಿ ಕಿರುಚಿದ್ದ ಗೆಳೆಯ. ಬಿಇ ಆರನೇ ಸೆಮಿಸ್ಟರ್ ಮುಗಿದ ರಜೆ ಅದು. ನಾನು ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿದ್ದೆ, ಅವನು ಬೆಂಗಳೂರಿನಲ್ಲಿ. ಇಬ್ಬರೂ ಒಂದೇ ಸರ್ವರಿಗೆ ಸೇರಿಕೊಂಡು ಕೌಂಟರ್-ಸ್ಟ್ರೈಕ್ 1.6 ಆಡ್ತಿದ್ವಿ. ಅವನ ಪಿಂಗ್ 30, ನನ್ನದು 300ರ ಮೇಲೆ. ಪಿಂಗ್ ಅಂದ್ರೆ ನಮ್ಮ ಕಂಪ್ಯೂಟರಿನಿಂದ ಹೊರಟ ಸುದ್ದಿ ಸರ್ವರ್ ಮುಟ್ಟಿ ವಾಪಸ್ ಬರೋಕೆ ಹಿಡಿಯುವ ಸಮಯ, ಮಿಲಿಸೆಕೆಂಡ್ ಲೆಕ್ಕದಲ್ಲಿ. ನಮ್ಮನೆಯಲ್ಲಿ ಸಿಗ್ನಲ್ ಸಿಗೋದೇ ಒಂದು ಮೂಲೆಯಲ್ಲಿ. ಹಾಗಾಗಿ ಡೋಂಗಲ್ಲನ್ನು ಉದ್ದನೆಯ ಯುಎಸ್‌ಬಿ ವೈರಿಗೆ ಸಿಕ್ಕಿಸಿ ಅಡುಗೆಮನೆ ಕಿಟಕಿಯ ಸರಳಿಗೆ ಕಟ್ಟಿದ್ದೆ. ಮಳೆ ಜೋರಾದರೆ ಅದೂ ಇಲ್ಲ.

ಇಂಥ ಲೈನಿನಲ್ಲಿ ಆಡಿ ನಾನು ಅವನನ್ನು ಹೊಡೆಯೋದೇ ಒಂದು ತಮಾಷೆ. ಆದರೆ ಹೊಡೆದಿದ್ದೆ. ನನ್ನ ಸ್ಕ್ರೀನಿನಲ್ಲಿ ಅವನು ಬಯಲಲ್ಲೇ ಓಡ್ತಿದ್ದ. ಗುರಿ ಇಟ್ಟೆ, ಒತ್ತಿದೆ, ಬಿದ್ದ. ಅವನ ಸ್ಕ್ರೀನಿನಲ್ಲಿ ಅವನು ಆಗಲೇ ಗೋಡೆಯ ಮರೆಗೆ ಸರಿದಿದ್ದ. "ಏನೋ ಚೀಟ್ ಹಾಕ್ಕೊಂಡಿದೀಯ ನೀನು" ಅಂತ ಒಂದು ವಾರ ಮಾತು ಬಿಟ್ಟ.

ನಾನು ಚೀಟ್ ಹಾಕಿರಲಿಲ್ಲ. ಅವನೂ ಸುಳ್ಳು ಹೇಳ್ತಿರಲಿಲ್ಲ. ಇಬ್ಬರೂ ಕಂಡದ್ದನ್ನೇ ಹೇಳ್ತಿದ್ವಿ. ಆದರೂ ಸರ್ವರ್ ತೀರ್ಪು ನನ್ನ ಕಡೆ ಕೊಟ್ಟಿತ್ತು. ಯಾಕೆ ಅಂತ ತಿಳಿಯೋಕೆ ನನಗೆ ಇನ್ನೂ ನಾಲ್ಕೈದು ವರ್ಷ ಬೇಕಾಯಿತು. ತಿಳಿದದ್ದನ್ನು ಮರೆತು, ಅದಕ್ಕೆ ತಕ್ಕ ಶಾಸ್ತಿಯಾದದ್ದು ಇನ್ನೂ ಆಮೇಲೆ.

ಹಳೇ ಶೂಟರ್ ಗೇಮುಗಳ ಮಾತು ಬಂದರೆ ಎಲ್ಲರೂ ಕಣ್ಣಿಗೆ ಕಂಡದ್ದನ್ನು ಹೇಳ್ತಾರೆ. ಡೂಮ್‌ನಲ್ಲಿ ಒಂದು ರಾಕ್ಷಸನ ಏಟು ಇನ್ನೊಂದಕ್ಕೆ ತಗುಲಿದರೆ ಅವೆರಡೇ ಕಚ್ಚಾಡಿಕೊಳ್ಳುತ್ತಿದ್ದವು. ಹಾಫ್-ಲೈಫ್ ಶುರುವಾಗೋದೇ ಒಂದು ಟ್ರಾಮಿನೊಳಗೆ, ಸುಮ್ಮನೆ ಕೂತು ಆಫೀಸಿಗೆ ಹೋಗುವುದರಿಂದ. ಇವೆಲ್ಲ ನನಗೂ ಇಷ್ಟ. ಆದರೆ ಇವತ್ತಿಗೂ ನಾನು ಬೆರಗಾಗೋದು ಸ್ಕ್ರೀನಿನಲ್ಲಿ ಕಾಣದ ಒಂದು ಕೆಲಸಕ್ಕೆ. ಬೇರೆ ಬೇರೆ ಕಡೆ ಕೂತವರನ್ನು ಒಂದೇ ಜಾಗದಲ್ಲಿದ್ದೇವೆ ಅಂತ ಆ ಗೇಮುಗಳು ನಂಬಿಸಿದ್ದು ಹೇಗೆ ಅನ್ನೋದು. 1993ರಿಂದ 2001ರವರೆಗೆ, ಎಂಟೇ ವರ್ಷದಲ್ಲಿ, ಆ ಕೆಲಸ ನಾಲ್ಕು ಸಲ ಬದಲಾಯಿತು. ಪ್ರತಿ ಸಲವೂ ಕೇಳಿಕೊಂಡ ಪ್ರಶ್ನೆ ಒಂದೇ: ದೂರ ಇದ್ದೇ ಇದೆ, ಅದರ ಭಾರ ಯಾರು ಹೊರಬೇಕು?

ಮೊದಲು ಡೂಮ್. 1993ರ ಡಿಸೆಂಬರ್ 10ರಂದು ಅಮೆರಿಕದ ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಅನ್ನುವ ಪುಟ್ಟ ಕಂಪನಿ ಇದನ್ನು ಹೊರಬಿಟ್ಟಿತು. ಆಫೀಸಿನ ಲ್ಯಾನ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಆಡಬಹುದಿತ್ತು, ಮೋಡೆಮ್ ಇದ್ದರೆ ಇಬ್ಬರು. ಆಗಿನ ಮೋಡೆಮ್‌ಗಳಲ್ಲಿ ರಾಕ್ಷಸರು ಎಲ್ಲಿದ್ದಾರೆ, ಗುಂಡು ಎಲ್ಲಿ ಹಾರುತ್ತಿದೆ ಅಂತೆಲ್ಲ ಕಳಿಸೋಕೆ ಸಾಧ್ಯವೇ ಇರಲಿಲ್ಲ. ಹಾಗಾಗಿ ಅವರು ಅದನ್ನೆಲ್ಲ ಕಳಿಸಲೇ ಇಲ್ಲ. ಕಳಿಸಿದ್ದು ಒಂದೇ: ಯಾರು ಯಾವ ಕೀ ಒತ್ತಿದರು. ಸೆಕೆಂಡಿಗೆ 35 ಸಲ ಪ್ರತಿ ಕಂಪ್ಯೂಟರೂ ತನ್ನ ಆಟಗಾರ ಒತ್ತಿದ್ದನ್ನು ಉಳಿದವರಿಗೆ ಹೇಳುತ್ತಿತ್ತು. ಆಮೇಲೆ ಪ್ರತಿಯೊಂದೂ ತನ್ನೊಳಗೇ ಇಡೀ ಆಟ ನಡೆಸಿಕೊಳ್ಳುತ್ತಿತ್ತು. ನಾಲ್ಕು ಮನೆಯಲ್ಲಿ ಒಂದೇ ಪುಸ್ತಕ ಇಟ್ಟುಕೊಂಡು ಫೋನಿನಲ್ಲಿ "ಪುಟ ತಿರುಗಿಸಿ" ಅಂತ ಮಾತ್ರ ಹೇಳಿದ ಹಾಗೆ.

ಆದರೆ ನಾಲ್ಕು ಪುಸ್ತಕದಲ್ಲೂ ಒಂದೇ ಅಕ್ಷರ ಇರಬೇಕಲ್ಲ? ಗುಂಡಿನ ಏಟು ಎಷ್ಟು ಜೋರು, ರಾಕ್ಷಸ ಎಡಕ್ಕೆ ಹೋಗಬೇಕೋ ಬಲಕ್ಕೋ, ಇವೆಲ್ಲ ಅದೃಷ್ಟದ ಆಟ. ಒಂದೊಂದು ಕಂಪ್ಯೂಟರು ಒಂದೊಂದು ದಾಳ ಹಾಕಿದರೆ ಕಥೆ ಮುಗೀತು. ಅದಕ್ಕೆ ಡೂಮ್ ದಾಳವನ್ನೇ ಹಾಕಲ್ಲ. ಅದರೊಳಗೆ 256 ಸಂಖ್ಯೆಗಳ ಒಂದು ಪಟ್ಟಿ ಇದೆ: 0, 8, 109, 220, 222 ಅಂತ ಸಾಗುತ್ತದೆ. ಅದೃಷ್ಟ ಬೇಕಾದಾಗೆಲ್ಲ ಪಟ್ಟಿಯಲ್ಲಿ ಮುಂದಿನ ಸಂಖ್ಯೆ ತಗೊಳ್ಳುತ್ತದೆ, ಕೊನೆ ಮುಟ್ಟಿದರೆ ಮತ್ತೆ ಮೊದಲಿಂದ. ಎಲ್ಲರ ಪಟ್ಟಿಯೂ ಒಂದೇ, ಹಾಗಾಗಿ ಎಲ್ಲರ ಅದೃಷ್ಟವೂ ಒಂದೇ.

1997ರ ಡಿಸೆಂಬರಿನಲ್ಲಿ ಇಡ್‌ನವರು ಡೂಮ್‌ನ ಕೋಡನ್ನೇ ಸಾರ್ವಜನಿಕರಿಗೆ ಕೊಟ್ಟುಬಿಟ್ಟರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶನಿವಾರ ಪಿಜಿ ರೂಮಿನಲ್ಲಿ ಕೂತು ಅದನ್ನು ಓದಿದೆ. ಆ ಪಟ್ಟಿಯನ್ನು ಓದೋಕೆ ಅಲ್ಲಿ ಎರಡು ಬೆರಳುಗಳಿವೆ! ಒಂದು ಬೆರಳು ಆಟಕ್ಕೆ. ಇನ್ನೊಂದು ಬೆರಳು ಆಟಕ್ಕೆ ಸಂಬಂಧವಿಲ್ಲದ ಅಲಂಕಾರಕ್ಕೆ. ಸ್ಕ್ರೀನಿನ ಕೆಳಗೆ ಒಂದು ಮುಖ ಇರ್ತದೆ, ನೆನಪಿದೆಯಾ? ಏಟು ಬಿದ್ದಷ್ಟೂ ರಕ್ತ ಸುರಿಸುವ ಮುಖ. ಅದು ಸುಮ್ಮನಿದ್ದಾಗ ಆಚೀಚೆ ಕಣ್ಣು ಹೊರಳಿಸೋದು ಈ ಎರಡನೇ ಬೆರಳಿನ ಲೆಕ್ಕದಲ್ಲಿ. ಒಂದು ಲೆವೆಲ್ ಮುಗಿದು ಸ್ಕ್ರೀನು ಕರಗಿದಂತೆ ಕೆಳಗಿಳಿಯುತ್ತದಲ್ಲ, ಅದೂ ಅಷ್ಟೇ. ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಬೇರೆ ಬೇರೆ ಆಗಬಹುದಾದ ಇಂಥ ಚಿಲ್ಲರೆ ಕೆಲಸಗಳು ಮೊದಲನೇ ಬೆರಳನ್ನು ಒಂದು ಹೆಜ್ಜೆ ಸರಿಸಿದರೂ ನಾಲ್ಕು ಜನರ ಆಟ ನಾಲ್ಕು ದಾರಿ ಹಿಡಿಯುತ್ತಿತ್ತು. ಆಡುವವರಿಗೆ ಈ ಎರಡನೇ ಬೆರಳು ಇರೋದೇ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಅದು ಇದ್ದದ್ದು.

ಡೂಮ್‌ನ ನ್ಯಾಯ ಸರಳ. ನಾಲ್ಕು ಜನರ ಸುದ್ದಿಯೂ ಬರುವವರೆಗೆ ಯಾರೂ ಮುಂದೆ ಹೋಗುವಂತಿಲ್ಲ. ಒಬ್ಬನ ಲೈನು ನಿಧಾನವಾದರೆ ಎಲ್ಲರ ಆಟವೂ ನಿಧಾನ. ಊರಿನ ಬಸ್ಸಿನ ಹಾಗೆ: ಒಬ್ಬರು ಅಡಿಕೆ ಮೂಟೆ ಏರಿಸ್ತಿದ್ದರೆ ಇಡೀ ಬಸ್ಸು ಕಾಯಬೇಕು. ದೂರದ ಭಾರವನ್ನು ಎಲ್ಲರೂ ಸಮನಾಗಿ ಹೊರುತ್ತಿದ್ದರು. ನಾಲ್ಕು ಜನಕ್ಕೆ ಸರಿ, ಎಂಟು-ಹದಿನಾರು ಜನ ಇಂಟರ್ನೆಟ್ಟಿನಲ್ಲಿ ಬಂದು ಹೋಗ್ತಾ ಇರೋ ಆಟಕ್ಕೆ ಇದು ನಡೆಯಲ್ಲ.

ಅದೇ ಇಡ್ ಸಾಫ್ಟ್‌ವೇರ್ 1996ರ ಜೂನ್ 22ರಂದು ಕ್ವೇಕ್ ಬಿಟ್ಟಿತು. ಈ ಸಲ ವ್ಯವಸ್ಥೆ ಬೇರೆ. ಮಧ್ಯದಲ್ಲಿ ಒಂದು ಸರ್ವರ್, ಅದು ಹೇಳಿದ್ದೇ ಸತ್ಯ. ನೀವು ಮುಂದಕ್ಕೆ ಹೋಗುವ ಕೀ ಒತ್ತಿದರೆ ನಿಮ್ಮ ಕಂಪ್ಯೂಟರು ನಿಮ್ಮನ್ನು ಮುಂದಕ್ಕೆ ಸರಿಸಲ್ಲ. "ಇವನು ಮುಂದೆ ಹೋಗಬೇಕಂತೆ" ಅಂತ ಸರ್ವರಿಗೆ ಅರ್ಜಿ ಹಾಕ್ತದೆ. ಅದು ಒಪ್ಪಿ, ವಾಪಸ್ ಹೇಳಿದ ಮೇಲೆ ನಿಮ್ಮ ಕಾಲು ಏಳ್ತದೆ. ಹತ್ತಿರ ಇದ್ದವರಿಗೆ ಇದು ಗೊತ್ತೇ ಆಗಲ್ಲ. ಮೋಡೆಮ್‌ನವನಿಗೆ ಮಾತ್ರ ಕೆಸರುಗದ್ದೆಯಲ್ಲಿ ನಡೆದ ಹಾಗೆ. ಈಗ ಒಬ್ಬನಿಗಾಗಿ ಯಾರೂ ಕಾಯಬೇಕಿಲ್ಲ. ಆದರೆ ದೂರ ಇದ್ದವನ ಭಾರ ಪೂರ್ತಿ ಅವನ ತಲೆ ಮೇಲೆ.

ಇಲ್ಲಿ ಬರುತ್ತದೆ ನಾನು ಈ ಲೇಖನ ಬರೆಯೋಕೆ ಕಾರಣವಾದ ಘಟನೆ. ಆ ಗೇಮಿನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್. ಆಗ ಪ್ರೋಗ್ರಾಮರುಗಳು ತಾವೇನು ಮಾಡ್ತಿದ್ದೇವೆ ಅಂತ ಬರೆದಿಡುವ ಒಂದು ಪುಟ್ಟ ಫೈಲ್ ಇರ್ತಿತ್ತು, ಅದನ್ನು ಯಾರು ಬೇಕಾದರೂ ಓದಬಹುದಿತ್ತು. 1996ರ ಆಗಸ್ಟಿನಲ್ಲಿ, ಕ್ವೇಕ್ ಜಗತ್ತಿನಲ್ಲೆಲ್ಲ ಓಡ್ತಿದ್ದಾಗ, ಕಾರ್ಮ್ಯಾಕ್ ಅದರಲ್ಲಿ ತನ್ನ ತಪ್ಪು ಒಪ್ಪಿಕೊಂಡ. ಪ್ರತಿಯೊಂದು ನಿರ್ಧಾರಕ್ಕೂ ನಾನು ಕಾರಣ ಕೊಡಬಲ್ಲೆ, ಆದರೆ ಮೂಲದಲ್ಲಿ ಇಟ್ಟುಕೊಂಡ ಎಣಿಕೆಯೇ ತಪ್ಪಾಗಿತ್ತು ಅಂದ. ಅವನು ಲೆಕ್ಕ ಹಾಕಿದ್ದು 200 ಮಿಲಿಸೆಕೆಂಡಿಗಿಂತ ಕಡಿಮೆ ತಡ ಆಗುವ ಲೈನುಗಳಿಗೆ. ಆದರೆ ಬಹುಪಾಲು ಜಗತ್ತು ಮೋಡೆಮ್‌ನಲ್ಲಿ ಬರುತ್ತಿತ್ತು, ಅಲ್ಲಿ 300ಕ್ಕಿಂತ ಕಡಿಮೆ ಇಲ್ಲವೇ ಇಲ್ಲ. ಈ ತಪ್ಪು ಯಾಕಾಯಿತು ಅನ್ನೋದಕ್ಕೂ ಅವನೇ ಉತ್ತರ ಕೊಟ್ಟಿದ್ದ: ನನ್ನ ಮನೆಗೇ ಟಿ1 ಲೈನ್ ಇದೆ, ಮೋಡೆಮ್‌ನವರ ಬದುಕು ಹೇಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಟಿ1 ಅಂದ್ರೆ ಆಗಿನ ಸಾಮಾನ್ಯ ಮೋಡೆಮ್‌ಗಿಂತ ಸುಮಾರು 50 ಪಟ್ಟು ವೇಗದ ಲೈನು.

ಅಷ್ಟು ಬರೆದು ಸುಮ್ಮನಾಗಲಿಲ್ಲ. ಅದೇ ವರ್ಷದ ಡಿಸೆಂಬರಿಗೆ ಕ್ವೇಕ್‌ವರ್ಲ್ಡ್ ಅನ್ನುವ ಹೊಸ ರೂಪ ಬಂತು, ದುಡ್ಡು ಕೊಟ್ಟು ಕ್ವೇಕ್ ತಗೊಂಡವರಿಗೆ ಪುಕ್ಕಟೆಯಾಗಿ. ಇದರಲ್ಲಿ ಕೀ ಒತ್ತಿದ ಕ್ಷಣವೇ ನಿಮ್ಮ ಕಂಪ್ಯೂಟರು ನಿಮ್ಮನ್ನು ಮುಂದಕ್ಕೆ ಸರಿಸುತ್ತದೆ. ಸರ್ವರ್ ಒಪ್ಪುತ್ತದೆ ಅಂತ ಊಹೆ. ಉತ್ತರ ಬಂದಾಗ ಅಲ್ಲಿಂದ ಮುಂದೆ ಒತ್ತಿದ ಕೀಗಳನ್ನೆಲ್ಲ ಇನ್ನೊಮ್ಮೆ ಲೆಕ್ಕ ಹಾಕಿ ತಾಳೆ ನೋಡುತ್ತದೆ. ತಪ್ಪಿದ್ದರೆ ನಿಮ್ಮನ್ನು ಚೂರು ಜಗ್ಗಿ ಸರಿಯಾದ ಜಾಗದಲ್ಲಿ ನಿಲ್ಲಿಸುತ್ತದೆ. ಇವತ್ತು ನೀವು ಯಾವುದೋ ಫೋಟೋಗೆ ಲೈಕ್ ಒತ್ತಿದ ಕೂಡಲೇ ಹೃದಯ ಕೆಂಪಾಗುತ್ತದಲ್ಲ, ಆಗಿನ್ನೂ ಸರ್ವರಿಗೆ ಸುದ್ದಿಯೇ ಮುಟ್ಟಿರಲ್ಲ. ಹೆಚ್ಚುಕಡಿಮೆ ಅದೇ ಉಪಾಯ.

ಕಾಲೇನೋ ಹಗುರಾಯಿತು, ಆದರೆ ಕೈ ಇನ್ನೂ ಭಾರವಾಗೇ ಇತ್ತು. ನಿಮ್ಮ ನಡಿಗೆಯನ್ನು ಊಹಿಸಬಹುದು, ಎದುರಾಳಿಯದನ್ನು ಹೇಗೆ ಊಹಿಸೋದು? ಸ್ಕ್ರೀನಿನಲ್ಲಿ ಕಾಣೋದು ಅವನು ಸ್ವಲ್ಪ ಹೊತ್ತಿನ ಹಿಂದೆ ಇದ್ದ ಜಾಗ. ಕ್ವೇಕ್‌ನಲ್ಲಿ ಓಡುವವನು ಸೆಕೆಂಡಿಗೆ 320 ಯೂನಿಟ್ ಹೋಗ್ತಾನೆ, ಅವನ ಮೈ ಅಗಲ 32 ಯೂನಿಟ್. ಅಂದ್ರೆ 300 ಮಿಲಿಸೆಕೆಂಡಿನಲ್ಲಿ ಮೂರು ಮೈ ಅಗಲದಷ್ಟು ಮುಂದೆ ಹೋಗಿರ್ತಾನೆ. ಹಾಗಾಗಿ ಮೋಡೆಮ್‌ನವನು ಎದುರಾಳಿಗೆ ಗುರಿ ಇಡುವಂತಿಲ್ಲ, ಅವನ ಮುಂದಿರುವ ಖಾಲಿ ಗಾಳಿಗೆ ಗುರಿ ಇಡಬೇಕು. ಎಷ್ಟು ಮುಂದೆ? ಅದು ಅವತ್ತಿನ ಲೈನಿನ ಮೇಲೆ.

ಹಾಫ್-ಲೈಫ್ ಬಂದದ್ದು 1998ರ ನವೆಂಬರಿನಲ್ಲಿ. ಮಾಡಿದ್ದು ವಾಲ್ವ್ ಅನ್ನುವ ಕಂಪನಿ, ಕ್ವೇಕ್‌ನ ಎಂಜಿನ್ನನ್ನೇ ಲೈಸೆನ್ಸ್ ತಗೊಂಡು ಬದಲಾಯಿಸಿ. ಅದರ ಮೇಲೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಅನ್ನುವ ಇಬ್ಬರು ಹುಡುಗರು ಕಟ್ಟಿದ್ದೇ ಕೌಂಟರ್-ಸ್ಟ್ರೈಕ್. 1999ರ ಜೂನಿನಲ್ಲಿ ಅದರ ಮೊದಲ ಬೀಟಾ ಬಂತು, 2000ದಲ್ಲಿ ವಾಲ್ವ್ ಅದನ್ನು ಅಂಗಡಿಗೆ ತಂದಿತು. ನಮ್ಮ ಹಾಸ್ಟೆಲಿನಲ್ಲಿ ಕಿಟಕಿಯಿಂದ ಕಿಟಕಿಗೆ ಕೇಬಲ್ ಎಳೆದು, ಎಂಟು ಪೋರ್ಟಿನ ಸ್ವಿಚ್ಚಿಗೆ ಚಂದಾ ಎತ್ತಿ ಆಡಿದ್ದು ಇದನ್ನೇ. ನಿಮ್ಮಲ್ಲಿ ಎಷ್ಟೋ ಜನ ಇಂಟರ್ನಲ್ಸ್ ಹಿಂದಿನ ರಾತ್ರಿ ಇದನ್ನು ಆಡಿರ್ತೀರ, ಒಪ್ಪಿಕೊಳ್ಳಿ.

ವಾಲ್ವ್‌ನಲ್ಲಿ ಯಾನ್ ಬರ್ನಿಯರ್ ಅನ್ನುವ ಪ್ರೋಗ್ರಾಮರ್ ಇದ್ದ. ಗೇಮಿನ ಕೆಲಸಕ್ಕೆ ಬರುವ ಮೊದಲು ಅವನು ಪೇಟೆಂಟ್ ವಕೀಲ. 2001ರಲ್ಲಿ ಗೇಮ್ ಡೆವಲಪರುಗಳ ಸಮ್ಮೇಳನಕ್ಕೆ ಅವನು ಒಂದು ಪ್ರಬಂಧ ಬರೆದ. ಅದರಲ್ಲಿ ಹಾಫ್-ಲೈಫ್ ಈ ತೊಂದರೆಗೆ ಕಂಡುಕೊಂಡ ಪರಿಹಾರದ ವಿವರ ಇದೆ. ಸರ್ವರ್ ಎಲ್ಲ ಆಟಗಾರರ ಸ್ವಲ್ಪ ಹೊತ್ತಿನ ಚರಿತ್ರೆಯನ್ನು ನೆನಪಿಟ್ಟುಕೊಳ್ಳುತ್ತದೆ: ಯಾವ ಕ್ಷಣದಲ್ಲಿ ಯಾರು ಎಲ್ಲಿದ್ದರು. ನನ್ನ ಗುಂಡಿನ ಸುದ್ದಿ ಬಂತು ಅನ್ನಿ. ಸರ್ವರ್ ನನ್ನ ಲೈನಿನ ತಡ ಎಷ್ಟು ಅಂತ ನೋಡುತ್ತದೆ. ಅಷ್ಟು ಹೊತ್ತು ಕಾಲವನ್ನೇ ಹಿಂದಕ್ಕೆ ತಿರುಗಿಸಿ, ಉಳಿದವರನ್ನೆಲ್ಲ ಆಗ ಇದ್ದ ಜಾಗದಲ್ಲಿ ನಿಲ್ಲಿಸುತ್ತದೆ. ನಾನು ಒತ್ತಿದಾಗ ನನ್ನ ಕಣ್ಣಿಗೆ ಏನು ಕಾಣುತ್ತಿತ್ತೋ ಅದರ ಮೇಲೆ ತೀರ್ಪು ಕೊಡುತ್ತದೆ. ಆಮೇಲೆ ಎಲ್ಲರನ್ನೂ ವಾಪಸ್ ಈಗಿನ ಜಾಗಕ್ಕೆ ತರುತ್ತದೆ. ಇಷ್ಟೂ ಒಂದು ಗುಂಡಿಗೆ.

ಅಡುಗೆಮನೆ ಕಿಟಕಿಗೆ ಡೋಂಗಲ್ ಕಟ್ಟಿಕೊಂಡ ನಾನೂ ಗಾಳಿಗೆ ಗುರಿ ಇಡಬೇಕಿರಲಿಲ್ಲ. ಕಂಡವನಿಗೆ ಹೊಡೆದರೆ ಸಾಕಿತ್ತು.

ಹಾಗಾದರೆ ಭಾರ ಎಲ್ಲಿ ಹೋಯಿತು? ಮಾಯವಾಗಲಿಲ್ಲ, ಗೋಡೆ ಹಿಂದೆ ಸರಿದಿದ್ದ ನನ್ನ ಗೆಳೆಯನ ತಲೆ ಮೇಲೆ ಹೋಯಿತು. ಅವನ ಪಾಲಿಗೆ ಅವನು ಬಚಾವಾಗಿದ್ದ. ಸರ್ವರ್ ಕಾಲು ಸೆಕೆಂಡು ಹಿಂದೆ ಹೋಗಿ ಅವನನ್ನು ಬಯಲಿಗೆ ಎಳೆದು ತಂದು ನನ್ನ ಗುಂಡಿಗೆ ಒಪ್ಪಿಸಿತ್ತು. ಬರ್ನಿಯರ್ ಇದನ್ನು ಮುಚ್ಚಿಡಲಿಲ್ಲ. ಮೂಲೆ ತಿರುಗಿದ ಮೇಲೂ ಗುಂಡು ತಗುಲಿದ ಹಾಗೆ ಅನಿಸಬಹುದು ಅಂತ ಆ ಪ್ರಬಂಧದಲ್ಲೇ ಬರೆದಿದ್ದಾನೆ. ಬಯಲಲ್ಲಿ ಎದುರಾಬದುರು ನಿಂತವರಿಗೆ ವ್ಯತ್ಯಾಸ ಗೊತ್ತೇ ಆಗಲ್ಲ. ಮರೆಗೆ ಓಡುವವನಿಗೆ ಅಪರೂಪಕ್ಕೊಮ್ಮೆ ಅನ್ಯಾಯ ಅನಿಸ್ತದೆ. ಅದನ್ನು ತಪ್ಪಿಸಬೇಕಂದ್ರೆ ದೂರದವನು ಪ್ರತಿ ಗುಂಡನ್ನೂ ಗಾಳಿಗೆ ಹೊಡೆಯಬೇಕು. ಎರಡನ್ನೂ ತೂಗಿ ನೋಡಿ ಅವರು ಒಂದನ್ನು ಆರಿಸಿಕೊಂಡರು. ವಕೀಲನಾಗಿದ್ದವನಿಗೆ ಇದು ಹೊಸದೇನೂ ಆಗಿರಲಿಕ್ಕಿಲ್ಲ, ಇಬ್ಬರಿಗೂ ಖುಷಿಯಾಗುವ ತೀರ್ಪು ಯಾವ ಕೋರ್ಟಿನಲ್ಲಿದೆ?

ಇದೆಲ್ಲ ಹಳೇ ಕಥೆ, ಈಗ ಫೈಬರ್ ಬಂದಿದೆ ಅನ್ನಬೇಡಿ. ಫೈಬರಿನೊಳಗೆ ಬೆಳಕು ಹೋಗೋದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿಲೋಮೀಟರ್. ನೇರ ಗೆರೆ ಎಳೆದ ಹಾಗೆ ಕೇಬಲ್ ಹಾಕಿದರೂ ಹೋಗಿ ಬರೋಕೆ 140 ಮಿಲಿಸೆಕೆಂಡು ಬೇಕೇ ಬೇಕು. ಎಷ್ಟು ದುಡ್ಡು ಸುರಿದರೂ ಅದಕ್ಕಿಂತ ಕೆಳಗೆ ಇಳಿಯಲ್ಲ. ಇನ್ನು ನಮ್ಮೂರಿನ ಕಥೆಗೆ ಬೆಳಕಿನ ವೇಗದ ಲೆಕ್ಕವೇ ಬೇಡ, ಮರ ಬಿದ್ದರೆ ಟವರಿಗೆ ಕರೆಂಟೇ ಇರಲ್ಲ.

ಈಗ ನನ್ನ ಶಾಸ್ತಿಯ ಕಥೆ. ಮೂರು ವರ್ಷದ ಹಿಂದೆ ನಮ್ಮ ತಂಡ ಒಂದು ಆ್ಯಪ್ ಮಾಡಿತು, ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಟೋಕನ್ ತಗೊಳ್ಳೋಕೆ. ಅದರಲ್ಲಿ ಒಂದು ಸಂಖ್ಯೆ ನಾನು ಬರೆದದ್ದು: ಸರ್ವರಿನಿಂದ ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು. ನಾನು 3 ಸೆಕೆಂಡ್ ಅಂತ ಹಾಕಿದೆ. ಆಫೀಸಿನ ವೈಫೈನಲ್ಲಿ ಅರ್ಧ ಸೆಕೆಂಡಿಗೇ ಉತ್ತರ ಬರ್ತಿತ್ತು, 3 ಅಂದ್ರೆ ಧಾರಾಳ ಅನಿಸಿತು. ಟೆಸ್ಟ್ ಮಾಡಿದವರೂ ಅದೇ ವೈಫೈನಲ್ಲಿದ್ದರು.

ಒಂದು ಸಂಜೆ ಅಮ್ಮನ ಫೋನ್. "ನಿನ್ನ ಆ್ಯಪಲ್ಲೇ ಅಪ್ಪಂಗೆ ಟೋಕನ್ ತಗೊಳ್ಳೋಣ ಅಂತ ದರೆ ಹತ್ತಿ ನಿಂತು ಒತ್ತಿದೆ ಮಾರಾಯ. ಆಗ್ಲಿಲ್ಲ, ಮತ್ತೆ ಪ್ರಯತ್ನಿಸಿ ಅಂತ ಬಂತು. ಮೂರು ಸಲ ಒತ್ತಿದೆ. ಕಡೆಗೆ ಸುಮ್ನೆ ಹೋಗಿ ಸಾಲಲ್ಲಿ ನಿಲ್ಲೋಣ ಅಂತ ಹತ್ತೂವರೆ ಬಸ್ಸಿಗೆ ಹೋದ್ವಿ. ಅಲ್ಲಿ ನೋಡಿದ್ರೆ ಏಳು, ಎಂಟು, ಒಂಬತ್ತು, ಮೂರೂ ಟೋಕನ್ ನಿಮ್ದೇ, ಕರೆದಾಗ ಬರ್ಲಿಲ್ಲ ಅಂದ್ರು. ಡಾಕ್ಟ್ರು ಹನ್ನೆರಡಕ್ಕೆ ಎದ್ದು ಹೋದ್ರು."

ಅಪ್ಪ ಅವತ್ತು ಬಿಪಿ ತೋರಿಸದೇ ವಾಪಸ್ ಬಂದಿದ್ದರು. ದೊಡ್ಡ ಅನಾಹುತವೇನೂ ಆಗಲಿಲ್ಲ, ಮುಂದಿನ ವಾರ ಹೋಗಿ ಬಂದರು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮ ಕಳಿಸಿದ ಸುದ್ದಿ ಸರ್ವರಿಗೆ ಮುಟ್ಟಿತ್ತು, ಟೋಕನ್ನೂ ಸಿಕ್ಕಿತ್ತು. ಉತ್ತರ ನಮ್ಮೂರಿಗೆ ಬರುವ ದಾರಿಯಲ್ಲಿರುವಾಗಲೇ ನನ್ನ ಕೋಡು ತಾಳ್ಮೆ ಕಳಕೊಂಡು "ಆಗಲಿಲ್ಲ" ಅಂತ ಸುಳ್ಳು ಹೇಳಿತ್ತು. ಕಾರ್ಮ್ಯಾಕ್‌ಗೆ ಮೋಡೆಮ್‌ನವರ ಬದುಕು ಗೊತ್ತಿರಲಿಲ್ಲ. ನನಗೆ ಆ ನೆಪವೂ ಇಲ್ಲ. ಆ ಕಿಟಕಿ, ಆ ದರೆ, ಆ ಸಿಗ್ನಲ್ಲು ನನಗೆ ಗೊತ್ತಿದ್ದದ್ದೇ. ಹತ್ತು ವರ್ಷ ವೈಫೈನಲ್ಲಿ ಕೂತು ಮರೆತಿದ್ದೆ, ಅಷ್ಟೇ.

ಮಾರನೇ ದಿನ ಆಫೀಸಿನಲ್ಲಿ ಹೇಳಿದೆ. ನಮ್ಮ ಗ್ರಾಫಿನಲ್ಲಿ ಸರಾಸರಿ ಚೆನ್ನಾಗಿಯೇ ಇತ್ತು. ಅಮ್ಮನಂಥವರು ಸರಾಸರಿಯಲ್ಲಿ ಕಾಣೋದೇ ಇಲ್ಲ. ಕೊನೆಗೆ ಎರಡು ವಾರ ಕೂತು ಬದಲಾಯಿಸಿದ್ವಿ. ಈಗ ಪ್ರತಿ ಅರ್ಜಿಗೂ ಫೋನಿನಲ್ಲೇ ಒಂದು ನಂಬರ್ ಹುಟ್ಟುತ್ತದೆ. ಎಷ್ಟು ಸಲ ಒತ್ತಿದರೂ ಸರ್ವರ್ ಅದನ್ನು ಒಂದೇ ಅಂತ ಗುರುತಿಸುತ್ತದೆ. ಉತ್ತರ ಬರದಿದ್ದರೆ "ಆಗಲಿಲ್ಲ" ಅನ್ನಲ್ಲ, "ಕಳಿಸಿದ್ದೇವೆ, ಖಾತ್ರಿ ಬಂದ ಮೇಲೆ ತಿಳಿಸ್ತೇವೆ" ಅನ್ನುತ್ತದೆ. ಇದಕ್ಕೆ ಬೆಲೆ ಇಲ್ಲದೇ ಇಲ್ಲ. ಪ್ರತಿ ಅರ್ಜಿಯನ್ನೂ ಹಳೆಯದರ ಜೊತೆ ತಾಳೆ ನೋಡಬೇಕಾದ್ದರಿಂದ, ಒಳ್ಳೆ ನೆಟ್ ಇರುವವರಿಗೂ ಟೋಕನ್ ಬರೋದು ಕಣ್ಣು ಮಿಟುಕಿಸುವಷ್ಟು ತಡ. ಮೊದಲಿನಷ್ಟು ಫಾಸ್ಟ್ ಇಲ್ಲ ಅಂತ ಒಬ್ಬ ಸಹೋದ್ಯೋಗಿ ಗೊಣಗಿದ. ಹೌದು, ಇಲ್ಲ. ಆ ಭಾರವನ್ನು ಈಗ ನೀನು ಚೂರು ಹೊರ್ತಿದ್ದೀಯ ಅಂದೆ.

ಕಳೆದ ದೀಪಾವಳಿಗೆ ಆ ಹಳೇ ಗೆಳೆಯ ಸಿಕ್ಕಿದ್ದ. ಈಗ ಅವನೂ ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್. ಕಾಫಿ ಕುಡೀತಾ ಬರ್ನಿಯರನ ಪ್ರಬಂಧ, ಕಾಲ ಹಿಂದಕ್ಕೆ ತಿರುಗಿಸುವ ಸರ್ವರ್, ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ. ಲೋಟ ಕೆಳಗಿಟ್ಟು ಅಂದ:

"ಅಂದ್ರೆ ನಾನು ನಿಜವಾಗ್ಲೂ ಗೋಡೆ ಹಿಂದೆ ಇದ್ದೆ ತಾನೆ?"

ಇದ್ದೆ ಮಾರಾಯ, ಅಂದೆ. ಕಾಫಿ ದುಡ್ಡು ನಾನೇ ಕೊಟ್ಟೆ.